ಒಂದು ಮೀಟರ್ ಎಂಬತ್ತು

ಓಬರ್‌ಗ್ರುಂಟ್, ಟಿರೋಲ್
ಮಂಗಳವಾರ, 6 ನವೆಂಬರ್ 1990

ಕಾಸಿಯನ್,

ಇಲ್ಲಿ ಎಲ್ಲರೂ ಕ್ಷೇಮ. ಕಾಗದದ ಮೊದಲ ಸಾಲಿಗೆ ಏನಾದರೂ ಬೇಕಲ್ಲ ಎಂದು ಬರೆದದ್ದಲ್ಲ ಇದು. ನಿಜವಾಗಿಯೂ ಎಲ್ಲರೂ ಚೆನ್ನಾಗಿದ್ದಾರೆ. ಉಣ್ಣುತ್ತಿದ್ದಾರೆ, ಕುಡಿಯುತ್ತಿದ್ದಾರೆ, ಕೆನ್ನೆ ಕೆಂಪಗೆ ಮಾಡಿಕೊಂಡು ನಗುತ್ತಿದ್ದಾರೆ. ನನಗೆ ಹೇಸಿಗೆ ಹುಟ್ಟಿಸಿರುವುದೇ ಅದು.

ನೀನು ಏಪ್ರಿಲ್‌ನಲ್ಲಿ ಕಾರಿಂಥಿಯಾಕ್ಕೆ, ನಿನ್ನ ತಮ್ಮನ ಮರದ ಮಿಲ್ಲಿಗೆ ಹೊರಟುಹೋದ ಮೇಲೆ ನಾನು ಹಾಕಿದ್ದು ಎರಡೇ ಕಾರ್ಡು. ಬಾಯ್ಲರ್ ಕೆಟ್ಟಿದೆ ಅಂತ ಒಂದು, ಸರಿಹೋಯಿತು ಅಂತ ಇನ್ನೊಂದು. ನೀನು ಎರಡಕ್ಕೂ ಉತ್ತರ ಬರೆಯಲಿಲ್ಲ, ಬಾಯ್ಲರಿನ ಬಗ್ಗೆ ಯಾರಾದರೂ ಏನಂತ ಬರೆದಾರು? ಇದು ಕಾರ್ಡಿನಲ್ಲಿ ಹಿಡಿಸುವ ಸಂಗತಿಯಲ್ಲ. ಒಂದೇ ಉಸಿರಿಗೆ ಓದಬೇಡ. ಕೈಯಲ್ಲಿನ ಕೆಲಸ ಬಿಟ್ಟು, ಎಲ್ಲಾದರೂ ಕೂತು ಓದು.

ನವೆಂಬರ್ ಮೊದಲ ಭಾನುವಾರ ಈ ಜನಕ್ಕೆ ಎಂಥ ಹಬ್ಬವೆಂದು ನಿನಗೆ ಹೇಳಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ನೀನೂ ಆ ಕಪ್ಪು ಹಲಗೆಯ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನಿಂತವನೇ. ಇಗರ್ಜಿ ಬಿಟ್ಟ ಕೂಡಲೇ ನಮ್ಮ ಹೋಟೆಲಿಗೆ ಬರುವುದು, ಕ್ರಿಸ್‌ಮಸ್ ಹೊತ್ತಿಗೆ ಎಷ್ಟು ಹಿಮ ಬೀಳುತ್ತದೆಂದು ಊಹಿಸಿ ಹಲಗೆಯ ಮೇಲೆ ಬರೆಯುವುದು, ಕೊನೆಗೆ ಮುದುಕ ರೊಮೇಡಿ ಆ ಸಲದ ಮೊದಲ ಹಂದಿಯ ಗುಲ್ಮವನ್ನು, ಹೊಟ್ಟೆಯೊಳಗಿನ ಆ ಉದ್ದನೆಯ ಮಾಂಸದ ತುಂಡನ್ನು, ಕೈಯಲ್ಲಿ ಹಿಡಿದು ಚಳಿಗಾಲದ ಭವಿಷ್ಯ ನುಡಿಯುವುದು. ಗುಲ್ಮದ ಮುಂದಿನ ತುದಿ ದಪ್ಪಗಿದ್ದರೆ ಹಿಮ ಬೇಗ ಬರುತ್ತದೆ, ಹಿಂದಿನ ತುದಿ ದಪ್ಪಗಿದ್ದರೆ ತಡವಾಗಿ. ಈ ವರ್ಷ ಯಾರೂ ಬರಲಾರರು ಎಂದುಕೊಂಡಿದ್ದೆ. ಅಫ್ರಾ ಸತ್ತು ಒಂಬತ್ತು ತಿಂಗಳು ತುಂಬಿಲ್ಲ. ಊರಿನ ಅರ್ಧ ಮಕ್ಕಳಿಗೆ ಸ್ಕೀ ಮೇಲೆ ನಿಲ್ಲುವುದನ್ನು ಕಲಿಸಿದ ಹತ್ತೊಂಬತ್ತರ ಹುಡುಗಿ, ಕರಿಗೋಡೆ ಇಳಿಜಾರಿನಲ್ಲಿ ಹಿಮಕುಸಿತದಡಿ ಹೂತುಹೋದ ಮೇಲೆ, ಇವರು ಮತ್ತೆ ಹಿಮ ಹಿಮ ಎಂದು ಬಾಯಿ ಚಪ್ಪರಿಸಲಾರರು ಎಂದುಕೊಂಡಿದ್ದೆ.

ಎಲ್ಲರೂ ಬಂದರು. ಹೋದ ವರ್ಷಕ್ಕಿಂತ ಹೆಚ್ಚೇ ಬಂದರು.

ಅದಕ್ಕೂ ಮೊದಲು ಗುರುವಾರದ ಮಾತು ಹೇಳಬೇಕು. ಅಂದು ಸಕಲ ಸಂತರ ಹಬ್ಬ, ಊರೆಲ್ಲ ಸಮಾಧಿಗಳಿಗೆ ದೀಪ ಹಚ್ಚುವ ದಿನ. ಸ್ಕೀ ಲಿಫ್ಟ್ ಕಂಪನಿಯ ಪ್ಲಾಟ್ನರ್ ಸ್ಮಶಾನದಿಂದ ನೇರವಾಗಿ ನನ್ನ ಅಡುಗೆಮನೆಗೆ ಬಂದ. ಅಫ್ರಾಳ ಸಮಾಧಿಯ ಮೇಲೆ ದೀಪ ಹಚ್ಚಿ ಬಂದಿದ್ದ, ಕೈಗವಸಿನ ಮೇಲೆ ಮೇಣ ಅಂಟಿತ್ತು. ರೊಮೇಡಿ ಎಂದಿನಂತೆ ಒಲೆಯ ಪಕ್ಕದ ಬೆಂಚಿನಲ್ಲಿ ಕೂತು ಉಂಡೆಸಾರು ತಿನ್ನುತ್ತಿದ್ದ. ಎಂಬತ್ತೊಂದಾದರೂ ಅವನ ಹಲ್ಲು ಗಟ್ಟಿ. ಪ್ಲಾಟ್ನರ್ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವನ ಎದುರು ಕುಳಿತ.

"ರೊಮೇಡಿ ತಾತ, ಭಾನುವಾರ ಇನ್ಸ್‌ಬ್ರುಕ್‌ನಿಂದ ರೇಡಿಯೋದವರು ಬರ್ತಿದಾರೆ. ಮೂರು ಚಳಿಗಾಲ ಹುಲ್ಲಿನ ಮೇಲೆ ಜಾರಿದ್ದಾಯ್ತು. ಈ ಸಲ ಗುಲ್ಮದ ಮುಂದಿನ ತುದಿ ಸ್ವಲ್ಪ ದಪ್ಪ ಇರ್‍ಲಿ, ಆಯ್ತಾ?"

"ಗುಲ್ಮ ಹಂದೀದು ಕಣಪ್ಪ, ನಂದಲ್ಲ."

"ಹಂದಿಗೇನು ನಾಲಿಗೆ ಇದ್ಯಾ? ಹೇಳೋನು ನೀನು ತಾನೆ. ಬೇಸಿಗೇಲಿ ನಿನ್ನ ಮೇಕೆಗಳು ಯಾರ ಇಳಿಜಾರಲ್ಲಿ ಮೇಯ್ತವೆ, ಅದನ್ನೊಂದ್ಸಲ ಯೋಚ್ನೆ ಮಾಡು."

ರೊಮೇಡಿ ಬ್ರೆಡ್ಡನ್ನು ಸಾರಿನಲ್ಲಿ ಅದ್ದಿದ, ಹಿಂಡಿದ, ಬಾಯಿಗಿಟ್ಟುಕೊಂಡ. ಆಮೇಲೆ ಕೇಳಿದ: "ಎಷ್ಟು ದಪ್ಪ ಬೇಕು?"

ಪ್ಲಾಟ್ನರ್ ಮೇಜು ಕುಟ್ಟಿ ನಕ್ಕ. ನಾನು ಸೌಟು ತಿರುವುತ್ತ ನಿಂತಿದ್ದೆ. ನೀನಾಗಿದ್ದರೆ ಅವನ ಕತ್ತಿನ ಪಟ್ಟಿ ಹಿಡಿದು ಹೊರಗೆ ದಬ್ಬುತ್ತಿದ್ದೆ. ನಾನು ಒಂದು ಮಾತೂ ಆಡಲಿಲ್ಲ. ಯಾಕೆ ಆಡಲಿಲ್ಲವೆಂದು ಮುಂದೆ ಬರೆಯುತ್ತೇನೆ, ಬರೆಯಲೇಬೇಕು.

ಭಾನುವಾರ ಹತ್ತೂವರೆಗೆಲ್ಲ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮ್ಯೂನಿಕ್‌ನ ಆ ದಂತವೈದ್ಯ, ಪ್ರತಿವರ್ಷ ಹೊಸ ಸ್ಕೀ ಕೊಂಡು ಹಳೆಯದನ್ನು ನಮ್ಮ ಹಜಾರದಲ್ಲಿ ಬಿಟ್ಟುಹೋಗುವವನು, ಈ ಸಲ ಸೂರ್ಯನ ಮೇಲಿನ ಕಲೆಗಳ ಚಾರ್ಟು ಹೊತ್ತು ತಂದಿದ್ದ. ಗೋಡೆಗೆ ಮೊಳೆ ಹೊಡೆಯಲೇ ಎಂದು ನನ್ನನ್ನು ಕೇಳುವ ಮೊದಲೇ ಹೊಡೆದ. ಹನ್ನೊಂದು ವರ್ಷಕ್ಕೊಮ್ಮೆ ಹೀಗಾಗುತ್ತದೆ, ಈ ವರ್ಷ ಹಿಮ ಕಟ್ಟಿಟ್ಟ ಬುತ್ತಿ ಎಂದ. ಕಟುಕ ಬಲ್ತಸಾರ್ ಅದನ್ನು ಒಪ್ಪಲಿಲ್ಲ.

"ನಿಮ್ಮ ಸೂರ್ಯನ್ನ ಯಾರು ನೋಡಿದಾರೆ ಡಾಕ್ಟ್ರೇ? ನಮ್ಮ ಕೊಟ್ಟಿಗೆ ಹಿಂದೆ ಇರುವೆ ಗೂಡು ನೋಡಿ ಬನ್ನಿ. ನನ್ನ ಸೊಂಟದ ತನಕ ಎದ್ದಿದೆ."

"ನಿನ್ನ ಸೊಂಟ ಎಲ್ಲಿಂದ ಶುರುವಾಗುತ್ತೆ ಅಂತಾನೇ ಗೊತ್ತಾಗಲ್ವಲ್ಲೋ!" ಎಂದು ಯಾರೋ ಕೂಗಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಕಣಜಗಳು ಮರದ ತುದಿಯಲ್ಲಿ ಗೂಡು ಕಟ್ಟಿವೆ ಅಂದರೆ ನೆಲದಲ್ಲಿ ಹಿಮ ಜಾಸ್ತಿ. ಈರುಳ್ಳಿಗೆ ಏಳು ಸಿಪ್ಪೆ. ಕೆಂಪು ಹಣ್ಣಿನ ಮರಗಳು ಬಾಗಿಹೋಗಿವೆ. ಅಂಚೆಯವನ ಹೆಂಡತಿಯ ಮೊಣಕಾಲು ಸೆಪ್ಟೆಂಬರ್‌ನಿಂದಲೇ ನೋಯುತ್ತಿದೆ. ಒಬ್ಬೊಬ್ಬರೂ ಒಂದೊಂದು ಗುರುತು ಹಿಡಿದು ತಂದಿದ್ದರು, ಮದುವೆಗೆ ಉಡುಗೊರೆ ತರುವ ಹಾಗೆ. ಹಲಗೆಯ ಮೇಲೆ ಅಂಕಿಗಳು ಏರುತ್ತ ಹೋದವು. ಎಂಬತ್ತು ಸೆಂಟಿಮೀಟರ್, ಒಂದು ಮೀಟರ್ ಹತ್ತು, ಒಂದೂವರೆ. ಕಡಿಮೆ ಬರೆದವನಿಗೆ ಛೀಮಾರಿ, ಹೆಚ್ಚು ಬರೆದವನಿಗೆ ಚಪ್ಪಾಳೆ. ನಾನು ಲೋಟ ತುಂಬಿಸುತ್ತ ಓಡಾಡಿದೆ. ಬಿಯರು, ಒದ್ದೆ ಉಣ್ಣೆ, ಸ್ಕೀಗೆ ಹಚ್ಚುವ ಮೇಣ, ಎಲ್ಲ ಸೇರಿ ಒಂದು ವಾಸನೆ ಇರುತ್ತದಲ್ಲ, ಮೊದಲು ಅದು ನನಗೆ ಇಷ್ಟವಾಗಿತ್ತು. ಅಂದು ಗಂಟಲಿಗೆ ಬೆರಳು ಹಾಕಿದಂತಾಯಿತು.

ಪ್ಲಾಟ್ನರ್ ತಾನೇ ಗುಲ್ಮದ ತಟ್ಟೆ ಹೊತ್ತು ತಂದ. ಸುತ್ತ ಫರ್ ಮರದ ಎಲೆಯ ಅಲಂಕಾರ ಬೇರೆ. ರೇಡಿಯೋದ ಹುಡುಗಿ ಮೈಕು ಹಿಡಿದು ಬಗ್ಗಿದಳು. ರೊಮೇಡಿ ಆ ಕಂದು ಮಾಂಸವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ, ಹೆಬ್ಬೆರಳಿನಿಂದ ಒತ್ತಿದ. ನಾನು ಅಲ್ಲೇ ಇದ್ದೆ, ಕಾಸಿಯನ್. ಮುಂದಿನ ತುದಿ ಚರ್ಮದ ಪಟ್ಟಿಯಷ್ಟು ತೆಳ್ಳಗಿತ್ತು. ಕಣ್ಣಿದ್ದ ಯಾರಿಗೂ ಕಾಣುತ್ತಿತ್ತು. ಬಲ್ತಸಾರ್ ಕಟುಕ, ಅವನಿಗಂತೂ ಕಂಡೇ ಇರಬೇಕು.

"ಮುಂದೆ ದಪ್ಪ ಐತೆ," ಎಂದ ರೊಮೇಡಿ. "ಡಿಸೆಂಬರ್ ಒಂಬತ್ತಕ್ಕೆ ಎದೆಮಟ್ಟ."

ಮೇಜುಗಳ ಮೇಲೆ ಮುಷ್ಟಿಗಳು ಬಿದ್ದವು. ದಂತವೈದ್ಯ ಕುರ್ಚಿಯ ಮೇಲೆ ಹತ್ತಿ ನಿಂತು, "ಎಲ್ಲಾ ಒಂದೇ ಸಲ ಬೀಳ್ಲಿ! ಕರಿಗೋಡೆ ಮೇಲೆ ಮೊದಲ ಸ್ಕೀ ಗೆರೆ ನಂದು!" ಎಂದು ಲೋಟ ಎತ್ತಿದ.

ಆಗ ಜಿಟಾ ಒಳಗೆ ಬಂದಳು. ಹಿಂಬಾಗಿಲಿನಿಂದ, ಇಸ್ತ್ರಿ ಮಾಡಿದ ಮೇಜುಬಟ್ಟೆಗಳ ಬುಟ್ಟಿ ಹಿಡಿದು. ಮಗಳು ಅಫ್ರಾ ಹೋದ ಮೇಲೂ ಅವಳು ನಮ್ಮ ಮನೆಯ ಬಟ್ಟೆ ಒಗೆಯುವುದನ್ನು ಬಿಟ್ಟಿಲ್ಲ. ಭಾನುವಾರ ಬರಬೇಡ ಎಂದು ಹೇಳಿ ಕಳಿಸಬೇಕಿತ್ತು, ನನಗೆ ಹೊಳೆಯಲಿಲ್ಲ. ಅವಳು ಬಾಗಿಲಲ್ಲಿ ನಿಂತು ದಂತವೈದ್ಯನ ಮಾತು ಪೂರ್ತಿ ಕೇಳಿಸಿಕೊಂಡಳು. ಬುಟ್ಟಿಯನ್ನು ನೆಲಕ್ಕಿಟ್ಟಳು. ಜನರ ನಡುವೆ ದಾರಿ ಮಾಡಿಕೊಂಡು ಹಲಗೆಯ ಹತ್ತಿರ ಹೋಗಿ, ಸೀಮೆಸುಣ್ಣ ತೆಗೆದುಕೊಂಡು, ಎಲ್ಲರ ಅಂಕಿಗಳ ಕೆಳಗೆ ಬರೆದಳು: 1.80.

"ಓಹೋ! ಜಿಟಾ ಎಲ್ಲರನ್ನೂ ಮೀರಿಸಿಬಿಟ್ಟಳು!" ದಂತವೈದ್ಯ ಚಪ್ಪಾಳೆ ತಟ್ಟಿದ. ಅವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವಳು ಒಗೆದ ಹೊದಿಕೆಯಲ್ಲಿ ಮಲಗುತ್ತಾನೆ, ಹೆಸರಷ್ಟೇ ಗೊತ್ತು. "ಹೇಳಮ್ಮ, ಯಾವ ಗುರುತು ನೋಡಿದೆ? ಇರುವೆಯಾ, ಕಣಜಾನಾ?"

ಜಿಟಾ ಸೀಮೆಸುಣ್ಣವನ್ನು ಅದರ ಜಾಗದಲ್ಲೇ ಇಟ್ಟಳು. "ನನ್ನ ಮಗಳು ಇದ್ದದ್ದು ಅಷ್ಟು ಕೆಳಗೆ. ಅಳತೆ ಮಾಡಿ ಬರ್ಕೊಂಡ್ರಲ್ಲ, ನಂಗೂ ತೋರಿಸಿದ್ರು."

ಆಮೇಲೆ ಬುಟ್ಟಿ ಎತ್ತಿಕೊಂಡು ಹಿಂದಿನ ಬಟ್ಟೆಕೋಣೆಗೆ ಹೋದಳು.

ಎಷ್ಟು ಹೊತ್ತು ಸುಮ್ಮನಿದ್ದರು ಎಂದುಕೊಂಡಿದ್ದೀಯ? ಬೀರುವಿನ ಮೇಲಿನ ಗಡಿಯಾರ ನನ್ನ ಎದುರಿಗೇ ಇತ್ತು. ಎರಡು ನಿಮಿಷ. ಮೊದಲು ಪ್ಲಾಟ್ನರ್ ರೇಡಿಯೋದವಳ ಕಿವಿಯಲ್ಲಿ, "ಇದನ್ನ ಕತ್ತರಿಸಿಬಿಡಮ್ಮ, ಪಾಪ, ತಾಯಿ ಕರುಳು," ಎಂದ. ದಂತವೈದ್ಯ ಕುರ್ಚಿಯಿಂದಿಳಿದು, ನನಗೇನು ಗೊತ್ತಿತ್ತು, ಯಾರಾದರೂ ಹೇಳಬಾರದಿತ್ತಾ ಎಂದು ಅಕ್ಕಪಕ್ಕದವರ ಮೇಲೆ ರೇಗಿದ. ಆಮೇಲೆ ಬಲ್ತಸಾರ್, ಅಫ್ರಾಳ ಪೆಟ್ಟಿಗೆಗೆ ಹೆಗಲು ಕೊಟ್ಟ ಅದೇ ಬಲ್ತಸಾರ್, ಹಲಗೆಯನ್ನು ನೋಡುತ್ತ ಗಡ್ಡ ಕೆರೆದುಕೊಂಡು ಮೆಲ್ಲಗೆ ಹೇಳಿದ: "ಆದ್ರೂ ಒಂದು ಎಂಬತ್ತು ಅಂದ್ರೆ, ಆಗದ ಮಾತೇನಲ್ಲ."

ಪಕ್ಕದವನು ತಲೆಯಾಡಿಸಿದ. ಮತ್ತೆ ಶುರುವಾಯಿತು.

ನಾನು ಸೌದೆ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಒಳಗೆ ಬಂದು, ಫರ್ ಎಲೆ ಸಮೇತ ಗುಲ್ಮದ ತಟ್ಟೆ ಎತ್ತಿ ಕಿಟಕಿಯಿಂದ ನಾಯಿಗೆ ಎಸೆದೆ. ಹೊರಗೆ ಹೋಗಿ ಎಂದು ಕೂಗಿದೆ. ಈ ಮುದುಕನಿಗೆ ಏನು ಹೇಳಬೇಕೆಂದು ಗುರುವಾರವೇ ನನ್ನ ಅಡುಗೆಮನೆಯಲ್ಲಿ ಹೇಳಿಕೊಟ್ಟಿದ್ದಾರೆ, ಅದನ್ನೂ ರೇಡಿಯೋದಲ್ಲಿ ಹಾಕಿ ಎಂದೆ. ಪ್ಲಾಟ್ನರ್ ಎದ್ದು ನಿಧಾನವಾಗಿ ಕೋಟಿನ ಗುಂಡಿ ಹಾಕಿಕೊಂಡ.

"ಬುರ್ಗಿ, ನಮ್ಮ ಮೇಲೆ ಯಾಕೆ ಹಾರಾಡ್ತೀಯಾ? ಆವತ್ತು ಕರಿಗೋಡೆ ಸ್ಕೀಗೆ ತೆಗೀಬಹುದು ಅಂತ ಹಿಮಕುಸಿತ ಸಮಿತಿ ಕಾಗದಕ್ಕೆ ರುಜು ಹಾಕಿದ್ದು ಯಾರು? ನಾನಲ್ಲ. ನಿನ್ನ ಗಂಡ."

ಒಬ್ಬನೂ ಇಲ್ಲ ಎನ್ನಲಿಲ್ಲ. ನಾನೂ ಅನ್ನಲಿಲ್ಲ. ಒಬ್ಬೊಬ್ಬರಾಗಿ ಟೊಪ್ಪಿ ಹಾಕಿಕೊಂಡು ಹೊರಟರು. ಬಾಗಿಲಾಚೆ ಹೋಗುತ್ತಿದ್ದಂತೆ ಇಬ್ಬರು ಆಕಾಶ ನೋಡಿ ಏನೋ ಲೆಕ್ಕ ಹಾಕಿದ್ದು ಕಿಟಕಿಯಿಂದ ಕಾಣಿಸಿತು.

ಈಗ ಆ ಬೆಳಿಗ್ಗೆಯ ಮಾತು.

ಫೆಬ್ರವರಿ ಹದಿನೈದು. ಮೂರು ವರ್ಷದ ಬರಗಾಲದ ಮೇಲೆ ಮೂರು ದಿನ ಬಿಡದೆ ಹಿಮ ಬಿದ್ದಿತ್ತು. ಮನೆ ತುಂಬ ಅತಿಥಿಗಳು. ಎಲ್ಲರೂ ಬೂಟು ಹಾಕಿಕೊಂಡೇ ತಿಂಡಿಗೆ ಕೂತಿದ್ದರು, ಬಾಗಿಲು ತೆಗೆದರೆ ಓಡಲು ಕಾದ ಕುರಿಗಳಂತೆ. ನೀನು ಇನ್ನೂ ಮೇಲೆ ಕೋಣೆಯಲ್ಲಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ರೊಮೇಡಿ, ಮೇಲಿನ ಕೊಟ್ಟಿಗೆಯಿಂದ. ಗಾಳಿಯ ದಿಕ್ಕು ನೋಡಿ ಹೇಳಲೆಂದು ನೀನೇ ಅವನಿಗೆ ಹಾಕಿಸಿಕೊಟ್ಟ ಫೋನು.

"ಬುರ್ಗಿ, ಕಾಸಿಯನ್‌ಗೆ ಹೇಳು. ರಾತ್ರಿ ಗಾಳಿ ತಿರುಗಿ ಹಿಮಾನೆಲ್ಲ ಕರಿಗೋಡೆ ನೆತ್ತಿಗೆ ತಂದು ಸುರಿದೈತೆ. ಒಳಗೊಳಗೇ ಗುಡುಗ್ತಾ ಐತೆ. ಇವತ್ತು ತೆಗೀಬ್ಯಾಡ ಅನ್ನು."

ಹೇಳುತ್ತೇನೆ ಎಂದೆ. ರಿಸೀವರ್ ಇಟ್ಟೆ. ತಿರುಗಿದರೆ ದಂತವೈದ್ಯ ನಿಂತಿದ್ದ. ಇವತ್ತೂ ತೆಗೆಯದಿದ್ದರೆ ನಾವು ಹತ್ತು ಜನ ಗಂಟುಮೂಟೆ ಕಟ್ಟಿ ಪಕ್ಕದ ಕಣಿವೆಗೆ ಹೋಗುತ್ತೇವೆ, ಮುಂದಿನ ವರ್ಷವೂ ಅಲ್ಲಿಗೇ, ಎಂದ. ನೀನು ಇಳಿದು ಬಂದೆ. ನಿಂತೇ ಕಾಫಿ ಕುಡಿದೆ. ನನ್ನನ್ನೇ ಕೇಳಿದೆ, ನೆನಪಿದೆಯಾ: "ಮೇಲಿಂದ ಏನಾದ್ರೂ ಬಂತಾ?"

ಇಲ್ಲ ಎಂದೆ.

ಮರೆತೆ ಎಂದು ಬರೆಯಬಹುದಿತ್ತು. ಒಂಬತ್ತು ತಿಂಗಳು ನನಗೆ ನಾನೇ ಹಾಗೆಂದು ಹೇಳಿಕೊಂಡೆ. ಗಲಾಟೆಯಲ್ಲಿ ಮರೆತೆ, ಹಾಲು ಉಕ್ಕಿತು, ಯಾರೋ ಕರೆದರು ಅಂತೆಲ್ಲ. ಮರೆತಿರಲಿಲ್ಲ. ಮುದುಕನಿಗೆ ಯಾವಾಗಲೂ ಹೆದರಿಕೆ ಜಾಸ್ತಿ, ಬೆಟ್ಟ ಎಷ್ಟು ಸಲ ಗುಡುಗಿಲ್ಲ ಎಂದುಕೊಂಡೆ. ಮೂರು ವರ್ಷದಿಂದ ಖಾಲಿ ಬಿದ್ದಿದ್ದ ಕೋಣೆಗಳ ಬೀಗದ ಕೈಗಳು ಅಂದು ಒಂದೂ ಗೋಡೆಯ ಮೇಲೆ ನೇತಾಡುತ್ತಿರಲಿಲ್ಲ. ಅದು ಕಣ್ಣಿಗೆ ಎಷ್ಟು ಚೆಂದ ಕಾಣುತ್ತಿತ್ತು ಗೊತ್ತಾ? ಎಂಟಕ್ಕೆ ನೀನು ರುಜು ಹಾಕಿದೆ. ಮಕ್ಕಳನ್ನು ಕರೆದೊಯ್ಯುವ ಮೊದಲು ತಾನೊಬ್ಬಳೇ ಒಮ್ಮೆ ಇಳಿದು ನೋಡುತ್ತೇನೆಂದು ಅಫ್ರಾ ಒಂಬತ್ತಕ್ಕೆ ಹೋದಳು. ಅವಳು ಹಾಗೆ ಮೊದಲು ಹೋಗದಿದ್ದರೆ ಹನ್ನೊಂದು ಮಕ್ಕಳೂ ಹಿಮದಡಿ ಇರುತ್ತಿದ್ದರು.

ಮಾರ್ಚಿನಲ್ಲಿ ವಿಚಾರಣೆ ನಡೆದಾಗ ರೊಮೇಡಿಯನ್ನೂ ಕೇಳಿದರು. ಬಿರುಗಾಳಿಗೆ ತಂತಿ ಕಡಿದಿತ್ತು, ನಾನು ಫೋನು ಮಾಡಲಿಲ್ಲ ಎಂದ. ಹೇಳುವಾಗ ನನ್ನ ಕಡೆ ನೋಡಿದ. ಮಾರನೆಯ ದಿನ ಮಧ್ಯಾಹ್ನ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕೂತ. ನಾನು ಬಡಿಸಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಅವನು ಬಾಯಿ ಬಿಡದಿರಲಿ ಎಂದು ನಾನು ಉಂಡೆಗಳನ್ನು ದೊಡ್ಡದು ಮಾಡುತ್ತ ಹೋದೆ. ಗುರುವಾರ ಪ್ಲಾಟ್ನರ್ ಎದುರು ನನಗೆ ಮಾತು ಬರಲಿಲ್ಲವೆಂದೆನಲ್ಲ, ಕಾರಣ ಅದು. ಅವನು ಮೇಕೆ ತೋರಿಸಿ ಮುದುಕನನ್ನು ಕೊಂಡ, ನಾನು ಸಾರು ತೋರಿಸಿ. ಯಾರು ಯಾರ ಮುಖಕ್ಕೆ ಉಗಿಯುವುದು?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಏಪ್ರಿಲ್‌ನಲ್ಲಿ ನೀನು ದಿನವಿಡೀ ಕಿಟಕಿಯಲ್ಲಿ ಕೂತು ಆ ಇಳಿಜಾರನ್ನೇ ನೋಡುತ್ತಿದ್ದಾಗ, ನಾನು ನಿನ್ನ ಬೆನ್ನಿಗೆ ಹೇಳಿದೆ: "ರುಜು ಹಾಕಿದ್ದು ನೀನೇ ಅಲ್ವಾ, ಈಗ ಕೂತು ನೋಡಿದ್ರೆ ಏನು ಬಂತು?" ನೀನು ಎದ್ದು ಹೋಗಿ ಚೀಲ ತುಂಬಿದೆ. ನಾನು ತಡೆಯಲಿಲ್ಲ. ನೀನು ಬಸ್ಸು ಹತ್ತಿದಾಗ ನನಗೆ ಹಗುರವಾಯಿತು, ಕಾಸಿಯನ್. ಇನ್ನು ಮನೆಯಲ್ಲಿ ನಿನ್ನ ಮುಖ ನೋಡಬೇಕಾಗಿಲ್ಲ ಎಂದು.

ಭಾನುವಾರ ಎಲ್ಲರೂ ಹೋದ ಮೇಲೆ ನಾನು ಬಟ್ಟೆಕೋಣೆಗೆ ಹೋದೆ. ಜಿಟಾ ಮೇಜುಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದಳು. ಬಾಗಿಲು ಹಾಕಿ, ಇಲ್ಲಿ ನಿನಗೆ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳೇನು ಹೇಳಿದಳೆಂದು ಬರೆಯಲಾರೆ.

ನಿನ್ನೆ ಬೆಳಗಿನ ಬಸ್ಸಿಗೆ ತಾಲ್ಲೂಕಿನ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಅಧಿಕಾರಿ ಎರಡು ಬೆರಳಿನಲ್ಲಿ ಟೈಪು ಮಾಡಿದ. "ಇಲ್ಲ ಎಂದೆ" ಎನ್ನುವ ಕಡೆ ನಿಲ್ಲಿಸಿ, ಹೀಗೇ ಬರೆಯಲೇ ಎಂದು ಕೇಳಿದ. ಹೀಗೇ ಬರಿ ಎಂದೆ. ವಿಚಾರಣೆಯನ್ನು ಮತ್ತೆ ತೆರೆಯುತ್ತಾರಂತೆ. ನಿನ್ನನ್ನೂ ಕರೆಯುತ್ತಾರೆ. ನೀನು ಕೇಳಿದ್ದೆ, ನಿನಗೆ ಸುಳ್ಳು ಹೇಳಲಾಯಿತು, ಅಷ್ಟನ್ನು ನೀನು ಹೇಳಿದರೆ ಸಾಕು.

ಮಧ್ಯಾಹ್ನ ವಾಪಸು ಬಂದರೆ ರೊಮೇಡಿ ಒಲೆಯ ಪಕ್ಕ ಕೂತಿದ್ದ. ಠಾಣೆಗೆ ಹೋಗಿಬಂದೆ ಎಂದೆ. "ಹಂಗಾದ್ರೆ ಇವತ್ತು ಸಾರಿಲ್ವಾ?" ಎಂದ. ಬಡಿಸಿದೆ. ತಿಂದು ಮುಗಿಸಿ, ಬಾಗಿಲ ಹತ್ತಿರ ಹೋಗಿ, "ಈ ಸಲ ಕೇಳಿದ್ರೆ ತಂತಿ ಕಡಿದಿರ್ಲಿಲ್ಲ ಅಂತೀನಿ," ಎಂದು ಹೋದ. ಅವನ ಮೇಲೆ ನನಗೆ ಅಸಹ್ಯ ಇನ್ನೂ ಇಳಿದಿಲ್ಲ. ತಟ್ಟೆಯನ್ನು ಮಾತ್ರ ನೆಕ್ಕಿದ ಹಾಗೆ ಬಿಟ್ಟಿದ್ದ.

ರೇಡಿಯೋದಲ್ಲಿ ನಿನ್ನೆ ಬಂತು. ಡಿಸೆಂಬರ್ ಒಂಬತ್ತಕ್ಕೆ ಎದೆಮಟ್ಟ ಎಂಬುದು ಬಂತು, ಇರುವೆ ಬಂತು, ಚಪ್ಪಾಳೆ ಬಂತು. ಜಿಟಾ ಬರಲಿಲ್ಲ, ನಾನು ಕೂಗಿದ್ದೂ ಬರಲಿಲ್ಲ. ಬೆಳಗಿನಿಂದ ಕೋಣೆ ಕೇಳಿ ಫೋನು ಮೇಲೆ ಫೋನು. ಮೂಗು ಹಿಡಿದು ಮಾತಾಡುವಂತಾಗಿದೆ. ಈ ಚಳಿಗಾಲ ಹೋಟೆಲು ತೆರೆಯುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಹಾಗಾದರೆ ಹಿಮ ಹೇಗೆ, ಅಷ್ಟಾದರೂ ಹೇಳಿ ಎನ್ನುತ್ತಾರೆ.

ಬಾ ಎಂದು ಕರೆಯುವ ಬಾಯಿ ನನಗಿಲ್ಲ. ನೀನು ರಾತ್ರಿ ನಿದ್ದೆ ಮಾಡು. ಇಷ್ಟು ತಿಂಗಳು ನೀನು ಹೊತ್ತದ್ದು ನನ್ನದು.

ಬುರ್ಗಿ

ಮರೆತು ಅಲ್ಲ, ಧೈರ್ಯ ಸಾಲದೆ ಮೇಲೆ ಬಿಟ್ಟದ್ದು: ನಾನು ಹೇಳಿ ಮುಗಿಸಿದಾಗ ಜಿಟಾ ಬಟ್ಟೆ ಜೋಡಿಸುವುದನ್ನೂ ನಿಲ್ಲಿಸಲಿಲ್ಲ. "ಗೊತ್ತು," ಎಂದಳು. "ಮಣ್ಣು ಮಾಡಿದ ದಿವಸಾನೇ ರೊಮೇಡಿ ಬಂದು ಹೇಳ್ದ. ನಿನ್ನ ಗಂಡನ ಬೆನ್ನ ಮೇಲೆ ಎಷ್ಟು ತಿಂಗಳು ಹೊರಿಸಿ ಇಡ್ತೀಯಾ ಅಂತ ನೋಡೋಕೇ ನಾನು ಈ ಮನೆಗೆ ಬಟ್ಟೆ ತರ್ತಾ ಇದ್ದದ್ದು. ನಾಳೆ ಠಾಣೆಗೆ ಹೋಗು. ನಾಡಿದ್ದು ಅವನಿಗೆ ಬರಿ. ನೀನು ಬರೀದಿದ್ರೆ ನಾನು ಬರೀತೀನಿ." ಹಾಗಾಗಿ ಠಾಣೆಗೆ ಹೋದದ್ದಾಗಲಿ ಈ ಕಾಗದವಾಗಲಿ ನಾನಾಗಿ ಮಾಡಿದ್ದೆಂದು ತಿಳಿಯಬೇಡ. ಅವಳು ಅಡುಗೆಮನೆಯಲ್ಲಿ ಕೂತಿದ್ದಾಳೆ. ಓದಿ ನೋಡಿ ತಾನೇ ಅಂಚೆಗೆ ಹಾಕುತ್ತಾಳಂತೆ.